ಹಜಾರದಲ್ಲಿ ಸೊಟ್ಟಗೆ ಮಲಗಿದ್ದ ನಕ್ಷೆ

ಇದನ್ನು ಬರೆಯಬೇಕೆಂದು ಕೂತು ಎದ್ದದ್ದು ಎಷ್ಟು ಸಲವೋ. ಒಮ್ಮೆ ಕನ್ನಡಕ ಸರಿಯಿಲ್ಲ ಎಂದುಕೊಂಡೆ, ಒಮ್ಮೆ ಮನೆಯಲ್ಲಿ ಮದುವೆಯ ಗಡಿಬಿಡಿ ಎಂದುಕೊಂಡೆ. ನಿಜ ಹೇಳಬೇಕೆಂದರೆ ಅವರು ಬದುಕಿರುವಾಗ ಬರೆದರೆ ಎಲ್ಲಿ ಓದಿಬಿಡುತ್ತಾರೋ ಎಂಬ ಭಯವಿತ್ತು. ಈಗ ಅವರಿಲ್ಲ, ಧೈರ್ಯ ಬಂದಿದೆ. ಇಂಥ ಧೈರ್ಯ ಎಷ್ಟರದು ಎಂಬುದು ನನಗೂ ಗೊತ್ತು.

ನಾನು ಹೆಚ್ಚು ಓದಿದವನಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಭದ್ರಾವತಿಯಲ್ಲಿ ಅಪ್ಪನ ಬಣ್ಣದ ಅಂಗಡಿಯಲ್ಲಿ ಕೂತೆ. ಡಿಸ್ಟೆಂಪರ್, ಎನಾಮಲ್, ನೆಲಕ್ಕೆ ಬಳಿಯುವ ರೆಡ್ ಆಕ್ಸೈಡ್, ಬ್ರಷ್ಷು, ಮೊಳೆ, ಇದೇ ನನ್ನ ವಿದ್ಯೆ. ಹಿರಿಯರು ಸೇರಿ ಕಟ್ಟಿದ್ದ ಒಂದು ಖಾಸಗಿ ಪ್ರೌಢಶಾಲೆಯಿತ್ತು. ಅಪ್ಪನ ನಂತರ ಅದರ ಆಡಳಿತ ಸಮಿತಿಯ ಕಾರ್ಯದರ್ಶಿ ನಾನಾದೆ. ಡಿಗ್ರಿ ಓದಿದ ಮೇಷ್ಟ್ರುಗಳು ಎಸ್ಸೆಸ್ಸೆಲ್ಸಿ ಓದಿದ ನನ್ನೆದುರು ಕೈಕಟ್ಟಿ ನಿಲ್ಲುತ್ತಿದ್ದರು. ಆ ಕುರ್ಚಿಯ ರುಚಿ ಕೂತವನಿಗೇ ಗೊತ್ತು.

ಅವರೊಬ್ಬರು ಮಾತ್ರ ಕೈಕಟ್ಟುತ್ತಿರಲಿಲ್ಲ. ಸಮಾಜ ವಿಜ್ಞಾನದ ಟೀಚರ್. ಸಣ್ಣ ಆಳು, ದೊಡ್ಡ ದನಿ. ಕಾಟನ್ ಸೀರೆಯ ಕೆಳಗೆ ಗಂಡಸರು ಹಾಕುವಂಥ ಕ್ಯಾನ್ವಾಸ್ ಬೂಟು. ಮದುವೆಯಾಗಿರಲಿಲ್ಲ. ಹಾಸಿಗೆ ಹಿಡಿದ ತಾಯಿಯನ್ನು ಇಟ್ಟುಕೊಂಡು ಕಾರ್ಖಾನೆ ಕಾಲೋನಿಯ ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದರು. ಇತಿಹಾಸ, ಪೌರನೀತಿ ಎಲ್ಲವನ್ನೂ ಅವರೇ ಪಾಠ ಮಾಡಬೇಕಾಗಿದ್ದರೂ ಮಕ್ಕಳು ಕರೆಯುತ್ತಿದ್ದದ್ದು ಭೂಗೋಳ ಟೀಚರ್ ಎಂದು. ಅದಕ್ಕೆ ಕಾರಣವಿತ್ತು. ಅವರ ತರಗತಿಯಲ್ಲಿ ರಾಜಮನೆತನಗಳೆಲ್ಲ ಒಂದೇ ವಾರದಲ್ಲಿ ಏರಿ ಇಳಿದು ಮಣ್ಣಾಗುತ್ತಿದ್ದವು. ಉಳಿದ ವರ್ಷವೆಲ್ಲ ಹೊಳೆ, ಬೆಟ್ಟ, ಮಳೆ, ಮಣ್ಣು. ಇದನ್ನು ನಾನು ತಪ್ಪೆಂದೇ ಹೇಳುತ್ತೇನೆ. ಅವರಲ್ಲಿ ತಪ್ಪುಗಳಿರಲಿಲ್ಲ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಎಡ, ಬಲ ಎಂಬ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಒಂದು ದಿನ ನನ್ನ ಅಂಗಡಿಯೆದುರು ಆಟೋ ಹತ್ತಿ, ಮುಂದಿನ ಸರ್ಕಲ್‌ನಲ್ಲಿ ಪಶ್ಚಿಮಕ್ಕೆ ತಿರುಗಿಸು ಎಂದರು. ಆಟೋದವನು ಹಿಂದಕ್ಕೆ ತಿರುಗಿ ಅವರ ಮುಖ ನೋಡಿದ.

“ಎಡಕ್ಕೋ ಬಲಕ್ಕೋ ಹೇಳಮ್ಮ.”

“ನೀನು ಆ ಕಡೆಯಿಂದ ಬಂದಿದ್ರೆ ಎಡ ಬಲ ಅದಲುಬದಲಾಗ್ತಿತ್ತು. ಪಶ್ಚಿಮ ಅಲ್ಲೇ ಇರ್ತಿತ್ತು. ನೀನು ತಿರುಗಿದ ಹಾಗೆಲ್ಲ ಊರು ತಿರುಗಲ್ಲಪ್ಪ.”

ಆಟೋದವನು ನನ್ನ ಕಡೆ ನೋಡಿ ಹಣೆ ಚಚ್ಚಿಕೊಂಡ. ನಾವಿಬ್ಬರೂ ನಕ್ಕೆವು.

ಮಕ್ಕಳ ಅಂಕ ಕೇಳಲು ಬಂದ ತಂದೆತಾಯಿಗಳಿಗೂ ಬಿಡುಗಡೆಯಿರಲಿಲ್ಲ. ನಿಮ್ಮ ಮನೆಯ ಬಾಗಿಲು ಯಾವ ದಿಕ್ಕಿಗೆ ಎಂದು ಮೊದಲು ಕೇಳುವರು. ಪೂರ್ವಕ್ಕೆ ಮೇಡಂ, ವಾಸ್ತು ನೋಡಿಯೇ ಕಟ್ಟಿಸಿದ್ದು ಎಂದು ಅವರು ಹೆಮ್ಮೆಯಿಂದ ಹೇಳುವರು. ಸರಿ, ನಿಮ್ಮ ಬೀದಿಯ ಕೊಳಚೆ ನೀರು ಯಾವ ಕಡೆ ಹೋಗಿ ಎಲ್ಲಿ ಸೇರುತ್ತದೆ ಎಂದು ಕೇಳಿದರೆ ಯಾರಿಗೂ ಗೊತ್ತಿರುತ್ತಿರಲಿಲ್ಲ. “ವಾಸ್ತು ಗೊತ್ತು, ಮೋರಿ ಗೊತ್ತಿಲ್ಲ,” ಎಂದು ತಮ್ಮಷ್ಟಕ್ಕೆ ತಾವೇ ನಗುವರು. ಬಂದವರು ಮುಖ ಹುಳಿ ಮಾಡಿಕೊಂಡು ನನ್ನ ಅಂಗಡಿಗೆ ಬಂದು ದೂರು ಹೇಳುವರು. ನಾನು ಕೇಳಿಸಿಕೊಂಡು ಸುಮ್ಮನಿದ್ದೆ. ಅವರ ಫಲಿತಾಂಶ ಚೆನ್ನಾಗಿತ್ತು. ಮೇಲಾಗಿ ಅಲ್ಲಿಯವರೆಗೆ ಅವರು ನನ್ನನ್ನು ಮುಟ್ಟಿರಲಿಲ್ಲ.

ಮುಟ್ಟಿದ ದಿನ ಬಂತು. ಸಮಿತಿಯವರು ವರ್ಷಕ್ಕೊಮ್ಮೆ ತರಗತಿಗಳಿಗೆ ಹೋಗಿ ನೋಡುವ ಪದ್ಧತಿಯಿತ್ತು. ಒಂಬತ್ತನೇ ತರಗತಿಗೆ ಹೋದಾಗ ಅವರು ಹೊಳೆಗಳ ಪಾಠ ಮಾಡುತ್ತಿದ್ದರು. ಗೋಡೆಯ ಮೇಲೆ ಕರ್ನಾಟಕದ ನಕ್ಷೆ ತೂಗುಬಿದ್ದಿತ್ತು. ನನ್ನ ಮಗ ಅದೇ ತರಗತಿಯಲ್ಲಿ ಎರಡನೇ ಬೆಂಚಿನಲ್ಲಿ ಕೂತಿದ್ದ. ಟೀಚರ್ ನನ್ನನ್ನು ನೋಡಿ ಸಂತೋಷದಿಂದಲೇ ಕರೆದರು.

“ಬನ್ನಿ ಸಾರ್. ನಿಮ್ಮ ಅಂಗಡಿ ಹೊಳೆ ಪಕ್ಕದಲ್ಲೇ ಇದೆ, ನೀವೇ ಮಕ್ಕಳಿಗೆ ಹೇಳಿ. ಭದ್ರಾ ಯಾವ ದಿಕ್ಕಿಗೆ ಹರಿಯುತ್ತೆ?”

ಹುಟ್ಟಿದಾಗಿನಿಂದ ನೋಡಿದ ಹೊಳೆ. ಅದರಲ್ಲಿ ಈಜಿದ್ದೇನೆ, ಅಪ್ಪನ ಅಸ್ಥಿ ಬಿಟ್ಟಿದ್ದೇನೆ. ಆದರೆ ದಿಕ್ಕು ಎಂದು ಯಾರೂ ಕೇಳಿರಲಿಲ್ಲ. ದಕ್ಷಿಣಕ್ಕೆ ಎಂದೆ. ಹೇಗೆ ಎಂದರು. ನಾನು ಜಂಬದಿಂದ ನಕ್ಷೆಯ ಹತ್ತಿರ ಹೋಗಿ ಬೆರಳನ್ನು ಮೇಲಿನಿಂದ ಕೆಳಕ್ಕೆ ಎಳೆದು ತೋರಿಸಿದೆ.

“ನೀರು ಕೆಳಕ್ಕೆ ತಾನೇ ಹರಿಯೋದು ಮೇಡಂ? ಮೇಲಕ್ಕೆ ಹತ್ತುತ್ತಾ?”

ತರಗತಿ ಗೊಳ್ಳೆಂದಿತು. ನನ್ನ ಮಗನೂ ನಕ್ಕ. ಉಳಿದವರ ನಗು ನೆನಪಿಲ್ಲ. ಅವನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕದ್ದು ಇವತ್ತಿಗೂ ಕಣ್ಣ ಮುಂದಿದೆ.

ಟೀಚರ್ ಡಸ್ಟರ್‌ನಿಂದ ಮೇಜು ಕುಟ್ಟಿ, ನಗಬೇಡಿ, ಹೋದ ವಾರ ನೀವೂ ಇದನ್ನೇ ಹೇಳಿದ್ದು ಎಂದು ಮಕ್ಕಳನ್ನು ಗದರಿದರು. ಭದ್ರಾ ಉತ್ತರಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿ ಹರಿಯುತ್ತದೆ, ಶಿವಮೊಗ್ಗದ ತುಂಗೆಯೂ ಹಾಗೆಯೇ, ಎರಡೂ ಹಾಗೆ ಹೋಗಿಯೇ ಕೂಡ್ಲಿಯಲ್ಲಿ ಸೇರುವುದು ಎಂದು ವಿವರಿಸಿದರು. ಆಮೇಲೆ ನನ್ನ ಕಡೆ ತಿರುಗಿ, “ತಪ್ಪು ನಿಮ್ಮದಲ್ಲ ಸಾರ್, ಗೋಡೇದು. ನಕ್ಷೇನ ಗೋಡೆಗೆ ನೇತುಹಾಕಿದ್ರೆ ಉತ್ತರ ದಿಕ್ಕು ಸೂರಿಗೆ ಹೋಗಿಬಿಡುತ್ತೆ,” ಎಂದರು.

ಅದರಲ್ಲಿ ಕುಹಕವಿರಲಿಲ್ಲ ಎಂದು ಈಗ ಅನಿಸುತ್ತದೆ. ಅವತ್ತು ಅನಿಸಲಿಲ್ಲ.

ಮಾರನೆಯ ವಾರ ಅವರು ಅಂಗಡಿಗೆ ಬಂದರು. ನಕ್ಷೆಯನ್ನು ಗೋಡೆಯಿಂದ ನೆಲಕ್ಕೆ ಇಳಿಸುತ್ತೇನೆ, ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ, ಬಣ್ಣ ಬೇಕು ಎಂದರು. ಗೆರೆಗೆ ಬಿಳಿ, ಹೊಳೆಗೆ ನೀಲಿ. ನೀಲಿಯಲ್ಲಿ ಯಾವುದು ಹೆಚ್ಚು ಬಾಳುತ್ತದೆ ಎಂದು ಕೇಳಿದಾಗ ಒಳ್ಳೆಯ ಎನಾಮಲ್ ಆರಿಸಿ ಕೊಟ್ಟವನು ನಾನೇ. ಇದನ್ನು ಬರೆಯಲೇಬೇಕು. ಆ ನಕ್ಷೆಯ ವಿಷಯ ನನಗೆ ಮೊದಲೇ ಗೊತ್ತಿರಲಿಲ್ಲ ಎಂದು ಮುಂದೆ ನಾನು ಸಭೆಯಲ್ಲಿ ಹೇಳಿದೆ.

ದಸರಾ ರಜೆಯಲ್ಲಿ ಮಕ್ಕಳನ್ನು ಸೇರಿಸಿಕೊಂಡು ಶಾಲೆಯ ಮುಂದಿನ ಹಜಾರದ ಕೆಂಪು ನೆಲದ ಮೇಲೆ ಅವರು ಇಡೀ ಕರ್ನಾಟಕವನ್ನು ಬರೆದರು. ರಜೆ ಮುಗಿದ ದಿನ ನೋಡಿದವರೆಲ್ಲ ಮೊದಲು ಹೇಳಿದ ಮಾತು ಒಂದೇ: ಸೊಟ್ಟ. ಹಜಾರದ ಗೋಡೆಗಳಿಗೆ ಸರಿಯಾಗಿ ನೆಟ್ಟಗಿರದೆ ಓರೆಯಾಗಿ, ನಿದ್ದೆಯಲ್ಲಿ ಮಗ್ಗುಲಾದ ಮಗುವಿನ ಹಾಗೆ ಮಲಗಿತ್ತು ಆ ನಕ್ಷೆ. ಇಷ್ಟು ಕಷ್ಟಪಟ್ಟು ಸೊಟ್ಟ ಬರೆದಿದ್ದೀರಲ್ಲ ಎಂದು ಮುಖ್ಯೋಪಾಧ್ಯಾಯರು ಕೇಳಿದರಂತೆ. ಅವರು ಕೊಟ್ಟ ಜವಾಬು ಊರೆಲ್ಲ ಹಬ್ಬಿತು.

“ನಕ್ಷೆ ನೆಟ್ಟಗೇ ಇದೆ ಸಾರ್. ಕಟ್ಟಡ ಸೊಟ್ಟ.”

ಕಟ್ಟಡವನ್ನು ರಸ್ತೆಗೆ ಮುಖ ಮಾಡಿ ಕಟ್ಟಿದ್ದರು. ರಸ್ತೆ ಯಾವ ದಿಕ್ಕಿಗೂ ನೆಟ್ಟಗಿರಲಿಲ್ಲ. ನಕ್ಷೆ ಮಾತ್ರ ನಿಜವಾದ ಉತ್ತರ ದಿಕ್ಕಿಗೆ ತಲೆಯಿಟ್ಟಿತ್ತು. ಆದರೆ ಆ ಕಟ್ಟಡಕ್ಕೆ ತಳಪಾಯ ಹಾಕಿಸಿದವನು ನನ್ನ ಅಪ್ಪ. ನನಗೆ ಕೇಳಿಸಿದ್ದು ಅಷ್ಟೇ.

ಪಾಠ ನಡೆಯುತ್ತಿದ್ದ ಬಗೆಯನ್ನು ನಾನು ಒಂದೇ ಸಲ ಕಂಬದ ಮರೆಯಲ್ಲಿ ನಿಂತು ನೋಡಿದ್ದೇನೆ. ಚಪ್ಪಲಿಗಳೆಲ್ಲ ಮೆಟ್ಟಿಲ ಬಳಿ ಸಾಲಾಗಿದ್ದವು. ಟೀಚರ್‌ದೂ ಬರಿಗಾಲು, ಬೂಟು ಮೆಟ್ಟಿಲ ಮೇಲೆ. ಭದ್ರಾವತಿಯ ಮೇಲೆ ಒಬ್ಬ ಹುಡುಗಿಯನ್ನು ನಿಲ್ಲಿಸಿ, ಉಳಿದವರೆಲ್ಲ ಅವರವರ ಅಜ್ಜಿಯ ಊರಿಗೆ ಹೋಗಿ ನಿಲ್ಲಿ ಎಂದರು. ಯಾರೋ ತೀರ್ಥಹಳ್ಳಿಗೆ ಓಡಿದರು, ಯಾರೋ ಬಳ್ಳಾರಿಗೆ. ಗದ್ದಲ, ತಳ್ಳಾಟ. ನಮ್ಮ ಊರಿನಲ್ಲಿ ಕಾರ್ಖಾನೆಗೆಂದು ಬಂದ ತಮಿಳರು, ತೆಲುಗರು ಬಹಳ. ಒಬ್ಬ ಹುಡುಗನ ಅಜ್ಜಿಯ ಊರು ಸೇಲಂ ಕಡೆ. ಅವನು ಗಡಿಯ ಬಿಳಿ ಗೆರೆಯ ತನಕ ಬಂದು ನಿಂತುಬಿಟ್ಟ, ಮುಂದೆ ಬರಿಯ ಕೆಂಪು ನೆಲ. ಟೀಚರ್ ಅವನ ಹತ್ತಿರ ಹೋಗಿ ಹೆಗಲು ಮುಟ್ಟಿ, “ಗೆರೆ ನಾನು ಎಳೆದದ್ದು ಕಣೋ. ನೆಲ ಮುಂದಕ್ಕೂ ಇದೆ. ಹೋಗು, ನಿಂತ್ಕೋ,” ಎಂದರು. ಅವನು ಗೆರೆ ದಾಟಿ ಹೋಗಿ ಕಂಬದ ಹತ್ತಿರ, ನನ್ನ ಪಕ್ಕದಲ್ಲೇ, ಬಂದು ನಿಂತ. ಅಲ್ಲಿಂದ ಭದ್ರಾವತಿಯ ಹುಡುಗಿಗೆ ಕೈ ಬೀಸಿದ.

ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಅವತ್ತೇ ಅನಿಸಿತ್ತು. ಅದು ಇನ್ನಷ್ಟು ಉರಿಸಿತು.

ರಾತ್ರಿ ಊಟಕ್ಕೆ ಕೂತಾಗ ಮಗ ಇದನ್ನೆಲ್ಲ ಅವನ ಅಮ್ಮನಿಗೆ ಹೇಳುತ್ತಿದ್ದ. ಅವನ ದನಿಯಲ್ಲಿ ಆ ಟೀಚರ್ ಬಗ್ಗೆ ಇದ್ದ ಅಭಿಮಾನ ನನ್ನ ಬಗ್ಗೆ ಯಾವತ್ತೂ ಇರಲಿಲ್ಲ. ಗೆರೆಯ ಮಾತನ್ನೂ ಹೇಳಿದ. ನಾನು ತಲೆಯೆತ್ತದೆ ಉಣ್ಣುತ್ತಾ ಕೇಳಿಸಿಕೊಂಡೆ.

ನವೆಂಬರ್ ಹತ್ತಿರ ಬರುತ್ತಿತ್ತು. ರಾಜ್ಯೋತ್ಸವಕ್ಕೆ ಕಂಬಗಳಿಗೆ ಬಳಿಯಲು ಕೆಂಪು ಹಳದಿ ಬಣ್ಣ ಒಯ್ಯಲು ಯುವಕ ಸಂಘದ ಮುಖಂಡ ಅಂಗಡಿಗೆ ಬಂದ. ಒಳ್ಳೆಯ ಹುಡುಗ, ಬೇಗ ಬಿಸಿಯಾಗುವವನು. ಡಬ್ಬಿ ಕಟ್ಟಿಕೊಡುತ್ತಾ ನಾನು ಸುಮ್ಮನೆ ಹೇಳಿದ ಹಾಗೆ ಹೇಳಿದೆ.

“ನೀವು ಇಲ್ಲಿ ಕಂಬಕ್ಕೆ ಬಣ್ಣ ಹಚ್ತೀರಿ ಮಾರಾಯ. ನಮ್ಮ ಶಾಲೇಲಿ ಕನ್ನಡ ತಾಯೀನ ನೆಲದ ಮೇಲೆ ಮಲಗಿಸಿ ದಿನಾ ತುಳಿಸ್ತಾರೆ.”

ಅಷ್ಟೇ. ಬೇರೇನೂ ಹೇಳಬೇಕಾಗಲಿಲ್ಲ.

ಮಾರನೆಯ ದಿನ ಶಾಲೆಯ ಗೇಟಿನ ಮುಂದೆ ಜನ ಸೇರಿದರು. ಕೂಗಾಟವಾಯಿತು, ಒಂದು ಕಿಟಕಿಯ ಗಾಜು ಒಡೆಯಿತು. ಹೋಗಿ ಸಮಾಧಾನ ಮಾಡಿದವನೂ ನಾನೇ. ಕೈಮುಗಿದು, ಸಂಜೆಯೊಳಗೆ ಕ್ರಮ ತೆಗೆದುಕೊಳ್ಳುತ್ತೇವೆ ಎಂದು ಮಾತು ಕೊಟ್ಟೆ. ಜನ ನನಗೆ ಜೈ ಎಂದರು. ಒಳಗಿನ ಕಿಟಕಿಯಿಂದ ನನ್ನ ಮಗ ನೋಡುತ್ತಿದ್ದ.

ಅವತ್ತೇ ಸಭೆ ಕರೆದೆವು. ತಪ್ಪಾಯಿತು ಎಂದು ಬರೆದುಕೊಟ್ಟರೆ ಸಾಕು ಎಂದು ಮುಖ್ಯೋಪಾಧ್ಯಾಯರು ಟೀಚರ್‌ಗೆ ಮೆಲ್ಲಗೆ ಹೇಳಿದರು. ಅವರು ಕುರ್ಚಿ ಕೊಟ್ಟರೂ ಕೂರಲಿಲ್ಲ.

“ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು ಬರ್ತಾರೆ. ಬರಿಗಾಲಲ್ಲಿ ನೆಲ ಮುಟ್ಟೋದು ಅವಮಾನ ಅಂದ್ರೆ, ನಾವೆಲ್ಲ ಹುಟ್ಟಿದಾಗಿಂದ ಆ ತಾಯಿಗೆ ಅವಮಾನಾನೇ ಮಾಡ್ತಿದೀವಿ. ಇದರಲ್ಲಿ ನಾನೊಬ್ಬಳೇ ಏನು ಬರ್ಕೊಡ್ಲಿ?”

ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಒಂದಿಬ್ಬರು ತಲೆಯಾಡಿಸಿದರು ಕೂಡ. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಅವರು ಗೆದ್ದುಬಿಡುತ್ತಿದ್ದರು. ಆಗ ನಾನು ಊಟದ ಮನೆಯಿಂದ ಎತ್ತಿಟ್ಟುಕೊಂಡಿದ್ದನ್ನು ತೆಗೆದೆ. ಗಡಿಯೇ ಇಲ್ಲ, ಅದು ಬರೀ ಗೆರೆ ಎಂದು ಇವರು ಪಾಠ ಮಾಡಿದ್ದಾರೆ, ಬೇರೆ ರಾಜ್ಯದವರ ಮಕ್ಕಳಿಗೆ ಗೆರೆ ದಾಟಿಸಿ ಆಟ ಆಡಿಸಿದ್ದಾರೆ, ಬೇಕಾದರೆ ನನ್ನ ಮಗನನ್ನೇ ಕೇಳಿ ಎಂದೆ. ಹೊರಗೆ ನಿಂತವರಿಗೆ ಇದು ಗೊತ್ತಾದರೆ ಶಾಲೆಗೆ ಬೆಂಕಿ ಬೀಳುತ್ತದೆ ಎಂದೂ ಸೇರಿಸಿದೆ.

ಟೀಚರ್ ನನ್ನ ಕಡೆ ತಿರುಗಿದರು. ಅವರಿಗೆ ಎಲ್ಲವೂ ತಿಳಿದುಹೋಯಿತು ಎಂದು ನನಗೆ ತಿಳಿಯಿತು.

“ಇದು ಹೊಳೆ ಸಿಟ್ಟು ಅಲ್ವಾ ಸಾರ್?” ಎಂದರು.

ಉಳಿದವರಿಗೆ ಅರ್ಥವಾಗಲಿಲ್ಲ. ಅರ್ಥವಾಗಬೇಕಾದವನು ಮೇಜಿನ ಮೇಲಿದ್ದ ಪೇಪರ್‌ವೇಟ್ ತಿರುಗಿಸುತ್ತಾ ಕೂತಿದ್ದ. ಅನುದಾನವಿಲ್ಲದ ಶಾಲೆ, ನಮ್ಮ ಮಾತೇ ಕಾನೂನು. ಆ ತಿಂಗಳಿಗೇ ಅವರ ಕೆಲಸ ಹೋಯಿತು. ಸರ್ಕಾರಿ ಕೆಲಸಕ್ಕೆ ವಯಸ್ಸು ಮೀರಿತ್ತು, ತಾಯಿ ಹಾಸಿಗೆಯಲ್ಲಿದ್ದರು. ಎರಡೂ ನನಗೆ ಗೊತ್ತಿದ್ದವು.

ಸಭೆ ಮುಗಿದ ಸಂಜೆಯೇ ಜವಾನ ನನ್ನ ಅಂಗಡಿಯ ರೆಡ್ ಆಕ್ಸೈಡ್ ತಂದು ನಕ್ಷೆಯ ಮೇಲೆ ಬಳಿಯತೊಡಗಿದ. ಮನೆಗೆ ಹೋಗಬಹುದಾಗಿದ್ದ ಟೀಚರ್ ಮೆಟ್ಟಿಲ ಮೇಲೆ ಬೂಟು ಕೈಯಲ್ಲಿ ಹಿಡಿದು ನಿಂತಿದ್ದರು. ಬೀದರ್ ಹೋಯಿತು, ಕಲಬುರಗಿ ಹೋಯಿತು. ಜವಾನ ದಕ್ಷಿಣಕ್ಕೆ ಇಳಿಯುತ್ತಾ ಬಂದ. “ಎನಾಮಲ್ ಕೆರೆಸದೆ ಮೇಲೆ ಹಚ್ಚಿದ್ರೆ ನಿಲ್ಲಲ್ಲ,” ಎಂದು ಅವರು ನನಗೆ ಹೇಳಿದರು. “ನೀವು ಬಣ್ಣದವರು, ಗೊತ್ತಿರಬೇಕಲ್ಲ.” ಗೊತ್ತಿತ್ತು. ಆದರೆ ನನಗೆ ಅವಸರ.

ಶಾಲೆಯ ಆಫೀಸಿನ ಹೊರಗೆ ಸಿಬ್ಬಂದಿಯ ಹೆಸರು ಬರೆದ ಮರದ ಹಲಗೆಯಿತ್ತು. ಅದೇ ಡಬ್ಬಿಯಲ್ಲಿ ಮಿಕ್ಕಿದ್ದ ಬಣ್ಣದಲ್ಲಿ ಬ್ರಷ್ಷು ಅದ್ದಿ ಅವರ ಹೆಸರನ್ನು ನಾನೇ ಅಳಿಸಿದೆ. ಜವಾನನಿಗೆ ಹೇಳಬಹುದಿತ್ತು, ಹೇಳಲಿಲ್ಲ. ಈ ಬರಹದಲ್ಲಿ ಅವರ ಹೆಸರು ಯಾಕಿಲ್ಲ ಎಂದು ಓದುವವರಿಗೆ ಅನಿಸಬಹುದು. ಹಲಗೆಯಿಂದ ಅಳಿಸಿದ ಕೈಯೇ ಇದು. ಈಗ ಕಾಗದದ ಮೇಲೆ ಚೆಂದಕ್ಕೆ ಬರೆದು ತೀರಿಸಿಕೊಳ್ಳುವ ಲೆಕ್ಕ ಅದಲ್ಲ.

ಮಗ ಅವತ್ತು ಊಟಕ್ಕೆ ಬರಲಿಲ್ಲ. ಯಾರೂ ಚಪ್ಪಲಿ ಹಾಕ್ಕೊಂಡು ತುಳೀತಿರಲಿಲ್ಲ ಅಪ್ಪ, ನಿಮಗೆ ಗೊತ್ತಿತ್ತು ಎಂದು ಬಾಗಿಲ ಹಿಂದಿನಿಂದ ಹೇಳಿದ. ಬಾಯಿ ಮುಚ್ಚು ಎಂದೆ. ಅವನು ನಿಜವಾಗಿಯೂ ಮುಚ್ಚಿದ. ಶಾಲೆಯ ಸುದ್ದಿಯನ್ನು ಊಟದ ಮನೆಗೆ ಮತ್ತೆಂದೂ ತರಲಿಲ್ಲ.

ಭೂಗೋಳವನ್ನು ಮೊದಲು ಗಣಿತದ ಮೇಷ್ಟ್ರಿಗೆ ಕೊಟ್ಟೆವು, ಅವರಿಗೆ ಬಿಡುವಿಲ್ಲದಾಗ ಡ್ರಿಲ್ ಮೇಷ್ಟ್ರಿಗೆ. ಪ್ರಶ್ನೋತ್ತರದ ಗೈಡ್ ತರಿಸಿ ಬಾಯಿಪಾಠ ಮಾಡಿಸಿದೆವು. ನಕ್ಷೆ ಬಿಡಿಸುವ ಪ್ರಶ್ನೆ ಬಂದರೆ ಬಿಟ್ಟುಬಿಡಿ, ಉಳಿದದ್ದರಲ್ಲಿ ಅಂಕ ತೆಗೆಯಿರಿ ಎಂದು ಮಕ್ಕಳಿಗೆ ಹೇಳಿಕೊಟ್ಟೆವು. ಫಲಿತಾಂಶ ಇಳಿಯಲಿಲ್ಲ, ಏರಿತು. ಸಮಿತಿಯಲ್ಲಿ ಅದನ್ನು ನಾನು ಎತ್ತಿ ಹೇಳಿದೆ.

ಅವರು ಶಿವಮೊಗ್ಗಕ್ಕೆ ಹೋಗಿ ಮನೆಪಾಠ ಹೇಳಿಕೊಂಡು ಬದುಕಿದರು ಎಂದು ಕೇಳಿದ್ದೆ. ಎಷ್ಟೋ ವರ್ಷದ ಮೇಲೆ, ಗಾಂಧಿ ಬಜಾರಿನ ಒಂದು ಪುಸ್ತಕದಂಗಡಿಯ ಮುಂದೆ ಎದುರಾದರು. ಮಕ್ಕಳು ಊರು, ಹೊಳೆ ಗುರುತಿಸುವ ಖಾಲಿ ನಕ್ಷೆಗಳ ಕಟ್ಟು ಕಂಕುಳಲ್ಲಿತ್ತು. ತಲೆ ನರೆತಿತ್ತು, ಬೂಟು ಅದೇ ಥರದ್ದು. ಜನರ ನೂಕಿನಲ್ಲಿ ನಾವು ಎದುರುಬದುರು ನಿಂತುಬಿಟ್ಟೆವು. ಕ್ಷಮೆ ಕೇಳಬೇಕು ಎಂದು ಎಷ್ಟೋ ಸಲ ಮನಸ್ಸಿನಲ್ಲಿ ಕಟ್ಟಿಕೊಂಡ ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅವರೇ ಬಾಯಿ ತೆರೆದರು.

“ಏನ್ರೀ ಕಾರ್ಯದರ್ಶಿಗಳೇ, ಭದ್ರಾ ಇನ್ನೂ ದಕ್ಷಿಣಕ್ಕೇ ಹರೀತಿದೆಯಾ?”

ನಗುತ್ತಾ ಕೇಳಿದರು, ಆದರೆ ಕಣ್ಣು ನಗಲಿಲ್ಲ. ಅವರಿಗೆ ಆ ಹಕ್ಕಿತ್ತು. ನಾನು ಆರಾಮಾ ಮೇಡಂ ಎಂದೆ. ಬಸ್ಸಿಗೆ ಹೊತ್ತಾಯಿತು ಎಂದು ಬಟ್ಟೆಯಂಗಡಿಗಳ ಸಂದಿಯಲ್ಲಿ ನುಸುಳಿಕೊಂಡೆ. ಕೊಂಕು ಮಾತಾಡಿದರು, ಇನ್ನು ಕ್ಷಮೆ ಕೇಳುವುದು ಹೇಗೆ ಎಂದು ಬಸ್ಸಿನಲ್ಲಿ ಕೂತು ನನಗೆ ನಾನೇ ಹೇಳಿಕೊಂಡೆ. ಅದೊಂದು ಮಾತನ್ನು ಹಿಡಿದುಕೊಂಡು ಮುಂದಿನ ವರ್ಷಗಳನ್ನೆಲ್ಲ ಕಳೆದೆ.

ನನ್ನ ಮೊಮ್ಮಗ ಪವನ್ ಓದಿದ್ದೂ ಅದೇ ಶಾಲೆಯಲ್ಲಿ. ಸಮಾಜ ವಿಜ್ಞಾನದಲ್ಲಿ ಅವನಿಗೆ ಹೆಚ್ಚುಕಡಿಮೆ ಪೂರ್ತಿ ಅಂಕ. ಆಮೇಲೆ ನಾವೆಲ್ಲ ಶಿವಮೊಗ್ಗದ ವಿದ್ಯಾನಗರಕ್ಕೆ ಬಂದೆವು, ಅವನು ಡಿಗ್ರಿ ಮುಗಿಸಿದ. ಒಳ್ಳೆಯ ಹುಡುಗ, ನನ್ನನ್ನು ಡಾಕ್ಟರ ಹತ್ತಿರ ಕರೆದೊಯ್ಯುವವನು ಅವನೇ. ಒಂದು ಸಂಜೆ ಟಿವಿಯಲ್ಲಿ ಘಟ್ಟದಲ್ಲಿ ಗುಡ್ಡ ಕುಸಿದ ಸುದ್ದಿ ಬರುತ್ತಿತ್ತು. ಅದು ನಮಗೆ ಹತ್ತಿರಾನಾ ಅಜ್ಜ ಎಂದು ಕೇಳಿದ. ನನಗೂ ಗೊತ್ತಿರಲಿಲ್ಲ. ಫೋನಿನಲ್ಲಿ ಹುಡುಕಿ ತೋರಿಸಿದ. ನಾವಿರುವುದು ಈ ನೀಲಿ ಚುಕ್ಕಿ ಎಂದ. ಅವನು ಕುರ್ಚಿಯಲ್ಲಿ ತಿರುಗಿದ ಹಾಗೆ ಆ ನಕ್ಷೆಯೂ ತಿರುಗುತ್ತಿತ್ತು. ಚುಕ್ಕಿ ಯಾವಾಗಲೂ ನಡುವೆಯೇ, ಲೋಕವೆಲ್ಲ ಅದರ ಸುತ್ತ.

“ಕೇಳಿದಾಗ ಹೇಳುತ್ತಲ್ಲ ಅಜ್ಜ, ತಲೇಲಿ ಯಾಕೆ ಇಟ್ಕೋಬೇಕು?”

ನೀನು ತಿರುಗ್ದಂಗೆ ಊರು ತಿರುಗಲ್ಲಪ್ಪ ಎಂದು ನಾನು ಹೇಳಿದೆ. ಅವನಿಗೆ ಅರ್ಥವಾಗಲಿಲ್ಲ. ಹೀಗೇ ಮಾತು ಬಂದಾಗ, ನಿಮ್ಮ ಶಾಲೆಯ ಹಜಾರದ ನೆಲ ಹೇಗಿದೆಯೋ ಎಂದು ವಿಚಾರಿಸಿದೆ. ಕೆಂಪು ಬಣ್ಣ ಅಲ್ಲಲ್ಲಿ ಎದ್ದುಹೋಗಿ ಒಂದು ಡೊಂಕು ನೀಲಿ ಗೆರೆ ಕಾಣುತ್ತಿತ್ತು, ಅದು ಯಾಕಿದೆ ಎಂದು ಯಾರಿಗೂ ಗೊತ್ತಿರಲಿಲ್ಲ ಎಂದ. “ಮುಟ್ಟಾಟ ಆಡೋವಾಗ ಆ ಗೆರೆ ದಾಟಿದ್ರೆ ಔಟ್ ಅಂತ ಮಾಡ್ಕೊಂಡಿದ್ವಿ.”

ಭದ್ರೆಯೋ, ತುಂಗೆಯೋ. ಕೆರೆಸದೆ ಹಚ್ಚಿದ್ದು ನಿಂತಿರಲಿಲ್ಲ.

ಹೋದ ಮಳೆಗಾಲದ ಕೊನೆಯಲ್ಲಿ, ಒಂದು ಬೆಳಿಗ್ಗೆ, ಅವರು ತೀರಿಕೊಂಡ ಸುದ್ದಿ ಹಳೆಯ ವಿದ್ಯಾರ್ಥಿಗಳ ವಾಟ್ಸಾಪಿನಲ್ಲಿ ಬಂತು. ಕೊನೆಯ ಕಾಲದಲ್ಲಿ ಹೊಳೆ ದಂಡೆಯ ಹಳ್ಳಿಯಲ್ಲಿ ತಮ್ಮನ ಮನೆಯಲ್ಲಿದ್ದರಂತೆ. ಮಗ ಸ್ನಾನ ಮಾಡಿ ಬಿಳಿ ಶರ್ಟು ಹಾಕಿಕೊಂಡ. ನಾನೂ ಪಂಚೆ ಉಟ್ಟು ಹೊರಗೆ ಬಂದು ನಿಂತೆ. ಅವನು ಕಾರಿನ ಬಾಗಿಲು ತೆರೆದು ನನ್ನನ್ನು ನೋಡದೆ ಹೇಳಿದ.

“ನೀವು ಬರೋದು ಬೇಡ ಅಪ್ಪ. ಅಲ್ಲಿ ಎಲ್ಲರಿಗೂ ಗೊತ್ತು.”

ಹೋದ. ನಾನು ಬಹಳ ಹೊತ್ತು ಜಗಲಿಯಲ್ಲಿ ಕೂತೆ. ಆಮೇಲೆ ಪವನ್‌ನನ್ನು ಕರೆದು, ಒಬ್ಬರ ಕಾಲು ಮುಟ್ಟಬೇಕಿದೆ, ಬೆಂಕಿ ಇಡುವ ಮುಂಚೆ ಹೋಗಬೇಕು ಎಂದೆ. ಅವನು ಏನೂ ಕೇಳದೆ ಅವನಪ್ಪನ ಗೆಳೆಯರೊಬ್ಬರಿಂದ ಸ್ಮಶಾನದ ಲೊಕೇಶನ್ ತರಿಸಿಕೊಂಡ. ಹೊಳೆಯ ಅಂಚಿನಲ್ಲಿ ಒಂದು ಕೆಂಪು ಗುರುತು. ಹೊಳಲೂರು ಹತ್ತಿರ ತೋರಿಸ್ತಿದೆ ಅಜ್ಜ ಎಂದ. ಯಾರೋ ಹೊಳಲೂರಿನ ಹೆಸರು ಹೇಳಿದ್ದು ನನಗೂ ನೆನಪಿತ್ತು, ಸರಿಯಾಗಿದೆ ಹೊರಡು ಎಂದೆ. ಸೇತುವೆ ದಾಟಿ, ಪೇಟೆಯ ಗಿಜಿಗಿಜಿಯಲ್ಲಿ ತೆವಳಿ, ಹೊನ್ನಾಳಿ ರಸ್ತೆ ಹಿಡಿದೆವು. ಫೋನು ಹೇಳಿದಲ್ಲಿ ಎಡಕ್ಕೆ, ಹೇಳಿದಲ್ಲಿ ಬಲಕ್ಕೆ. ಕೊನೆಗೆ ಗದ್ದೆಗಳ ನಡುವಿನ ಮಣ್ಣುದಾರಿ ಹೊಳೆಯ ದಂಡೆಯಲ್ಲಿ ಮುಗಿದುಹೋಯಿತು. ಫೋನಿನಲ್ಲಿ ನೀಲಿ ಚುಕ್ಕಿಗೂ ಕೆಂಪು ಗುರುತಿಗೂ ನಡುವೆ ಬೆರಳಗಲದ ನೀರು. ಕಣ್ಣೆದುರಿಗೆ ಮಳೆಗಾಲದ ತುಂಬಿದ ತುಂಗೆ.

ಪಂಪಿನ ಮನೆಯಿಂದ ಒಬ್ಬ ರೈತ ಹೊರಗೆ ಬಂದ. ಟೀಚರ್ ತಮ್ಮನ ಊರಿನ ಹೆಸರು ಹೇಳಿದ್ದಕ್ಕೆ ಆಚೆ ದಡಕ್ಕೆ ಕೈ ತೋರಿಸಿದ.

“ಎಂಥ ಮಾರಾಯ್ರೇ, ಅದು ಹೊಳಲೂರಿನ ಎದುರುದಡ ಅಲ್ವಾ. ಎಲ್ಲಿಂದ ಬಂದ್ರಿ?”

ವಿದ್ಯಾನಗರ ಎಂದೆ.

“ವಿದ್ಯಾನಗರದಿಂದ ಹೊಳೆ ಯಾಕೆ ದಾಟಿದ್ರಿ? ಆ ಊರು ನಿಮ್ಮ ದಡದಲ್ಲೇ ಇದೆಯಲ್ಲ. ಕೂಡ್ಲಿ ಕಡೆ ಸೀದಾ ಹೋಗೋದು ಬಿಟ್ಟು.”

ನನ್ನ ಮನೆಯಿರುವ ದಡದಲ್ಲೇ, ಎರಡು ಹೊಳೆಗಳ ನಡುವಿನ ನೆಲದಲ್ಲೇ ಅವರು ಇಷ್ಟು ದಿನ ಇದ್ದರು. ಅವರ ಕಡೆಗೆಂದು ಹೊರಟ ನಾನು ಹೊಳೆ ದಾಟಿ ಆಚೆಗೆ ಬಂದು ನಿಂತಿದ್ದೆ.

ಎದುರು ದಡದಲ್ಲಿ ಸಾಲಾಗಿ ಜನ ನಿಂತಿದ್ದರು, ಬೋಳುತಲೆಯವರು, ನರೆತವರು, ಎಲ್ಲರೂ ಒಂದು ಕಾಲದಲ್ಲಿ ಆ ಹಜಾರದಲ್ಲಿ ಬರಿಗಾಲಲ್ಲಿ ಓಡಾಡಿದವರು. ಬೆನ್ನ ಹಿಂದೆ ಕೈಕಟ್ಟಿ ನಿಂತ ರೀತಿಯಿಂದ ನನ್ನ ಮಗನ ಗುರುತು ಸಿಕ್ಕಿತು. ಅವನು ನನ್ನ ಹಾಗೆಯೇ ನಿಲ್ಲುತ್ತಾನೆ. ನೋಡುತ್ತಿದ್ದಂತೆ ಹೊಗೆ ಎದ್ದಿತು.

ಪವನ್‌ನ ಫೋನು ಹೊಡೆದುಕೊಂಡಿತು. ಮಗನದು, ಮನೆಗೆ ಫೋನು ಮಾಡಿ ವಿಷಯ ತಿಳಿದಿದ್ದ. ಫೋನು ನನ್ನ ಕೈಗೆ ಬಂತು.

“ಎಲ್ಲಿದ್ದೀರಿ ಅಪ್ಪ?”

“ಹೊಳೆ ಹತ್ರ.”

“ಯಾವ ದಡ? ಪೂರ್ವದ್ದಾ, ಪಶ್ಚಿಮದ್ದಾ?”

ಅದು ಅವನ ಮಾತಲ್ಲ, ಅವರ ಮಾತು. ನಾನು ತಲೆಯೆತ್ತಿ ಸೂರ್ಯನನ್ನು ಹುಡುಕಿದೆ. ಮೋಡ ಮುಚ್ಚಿತ್ತು. ನಡು ಮಧ್ಯಾಹ್ನ, ನೆರಳೂ ಇಲ್ಲ. ಪವನ್‌ನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಆಮೇಲೆ ಸಾಲಿನಿಂದ ಒಂದು ತಲೆ ನಮ್ಮ ಕಡೆ ತಿರುಗಿದ್ದು ಕಂಡಿತು.

“ಬಿಡಿ, ಕಾಣ್ತಿದೀರಿ,” ಎಂದು ಫೋನು ಇಟ್ಟ.

ಸುತ್ತಿ ಹೋಗೋಣ್ವಾ ಅಜ್ಜ ಎಂದು ಪವನ್ ಕೇಳಿದ. ಹೋಗಬಹುದಿತ್ತು. ಬೂದಿಯ ಮುಂದಾದರೂ ನಿಂತು, ಅವರೆಲ್ಲರ ಎದುರಿಗೆ ಒಂದು ಮಾತು ಹೇಳಬಹುದಿತ್ತು. ಬೇಡ ಎಂದೆ. ಹೊಳೆ ಅಡ್ಡ ಬಂತು ಎಂದು ಇನ್ನು ಮುಂದೆ ಹೇಳಿಕೊಳ್ಳಬಹುದು ಎಂಬ ಯೋಚನೆ ಆ ಗಳಿಗೆಯಲ್ಲೂ ನನಗೆ ಬಂತು. ಇದನ್ನೂ ಬರೆದಿಡುತ್ತೇನೆ.

ಪವನ್ ಕಾರು ತಿರುಗಿಸಲು ಹೋದ. ನಾನು ನೀರು ನೋಡುತ್ತಾ ನಿಂತೆ. ಒಂದು ಮರದ ಕೊಂಬೆ ನನ್ನ ಬಲಗಡೆಯಿಂದ ತೇಲಿಬಂದು ಎಡಗಡೆಗೆ ಹೋಯಿತು. ತುಂಗೆಯೂ ಹಾಗೆಯೇ ಎಂದು ಅವರು ಹೇಳಿದ್ದರು, ನಗು ನಿಂತ ಮೇಲೆ. ಇಡೀ ಭೂಗೋಳದಲ್ಲಿ ನಾನು ಮರೆಯದೆ ಉಳಿಸಿಕೊಂಡಿದ್ದು ಅದೊಂದೇ. ನೀರು ಹೋಗುತ್ತಿರುವುದು ಉತ್ತರಕ್ಕಾದರೆ ನನ್ನ ಎಡಗೈ ಉತ್ತರ. ಎದುರಿಗೆ ಪೂರ್ವ. ಹೊಗೆಯಿದ್ದದ್ದು ಪೂರ್ವದ ದಡದಲ್ಲಿ.

“ಪಶ್ಚಿಮದ ದಡ, ಟೀಚರ್,” ಎಂದೆ.

ಸರಿಯಾಗಿತ್ತು. ಪವನ್ ದೂರದಿಂದ, ಯಾರ ಹತ್ತಿರ ಮಾತಾಡ್ತಿದೀರಿ ಅಜ್ಜ ಎಂದು ಕೂಗಿ ಕೇಳಿದ. ಹೆಸರು ಬಾಯಿಗೆ ಬಂತು. ಅವನಿಗೂ ಹೇಳಲಿಲ್ಲ.